ಕಂಟ್ರೋಲರ್ ಕನೆಕ್ಟ್ ಆಗ್ತಿಲ್ವಾ, ಚಾರ್ಜ್ ನಿಲ್ತಿಲ್ವಾ? ಇಲ್ಲಿ ಕೇಳಿ

ಅಡ್ಮಿನ್: ಇವತ್ತು ಸಂಜೆ ಗೇಮ್ ಕನ್ಸೋಲ್ ರಿಪೇರಿ ಮಾಡುವ ಮಂಜುನಾಥ್ ಉತ್ತರ ಕೊಡ್ತಾರೆ. ಮಾಡೆಲ್ ನಂಬರ್, ಕೇಬಲ್, ಚಾರ್ಜರ್ ಯಾವುದು ಅಂತ ಬರೆದು ಕೇಳಿ. ಫಾರ್ವರ್ಡ್ ಹಾಕಬೇಡಿ.

ಕಿರಣ್: ಪಿಎಸ್4 (ಪ್ಲೇಸ್ಟೇಷನ್ 4) ಕಂಟ್ರೋಲರನ್ನು ಕೇಬಲ್‌ನಲ್ಲಿ ಕಂಪ್ಯೂಟರಿಗೆ ಹಾಕಿದ್ರೆ ಕಿತ್ತಳೆ ಲೈಟ್ ಬರುತ್ತೆ, ಚಾರ್ಜೂ ಆಗುತ್ತೆ. ಆದ್ರೆ ವಿಂಡೋಸ್‌ನಲ್ಲಿ ಕಾಣಿಸೋದೇ ಇಲ್ಲ.

ಮಂಜುನಾಥ್: ಕೇಬಲ್ ಚಾರ್ಜಿಂಗ್‌ದು ಮಾತ್ರ. ಒಳಗೆ ಕೆಂಪು, ಕಪ್ಪು ಎರಡೇ ತಂತಿ ಇರುತ್ತೆ. ಡೇಟಾಗೆ ಹಸಿರು, ಬಿಳಿ ತಂತಿಯೂ ಬೇಕು. ಪರೀಕ್ಷೆಗೆ ಅದೇ ಕೇಬಲ್‌ನಿಂದ ಫೋನನ್ನು ಕಂಪ್ಯೂಟರಿಗೆ ಹಾಕಿ, ಫೋನಿನಲ್ಲಿ ಫೈಲ್ ಟ್ರಾನ್ಸ್‌ಫರ್ ಆರಿಸಿ ನೋಡಿ. ಫೋನಿನ ಫೈಲುಗಳು ತೆರೆದರೆ ಕೇಬಲ್ ಸರಿ ಇದೆ, ಇಲ್ಲಾಂದ್ರೆ ಬದಲಾಯಿಸಿ.

ಶ್ರುತಿ: ಎಕ್ಸ್‌ಬಾಕ್ಸ್ ಒನ್ ಕಂಟ್ರೋಲರ್ ಕೇಬಲ್ ಹಾಕಿದ್ರೂ ಪಿಸಿಯಲ್ಲಿ ಬರ್ತಿಲ್ಲ ಸರ್.

ಮಂಜುನಾಥ್: ಮೇಲೆ ಓದಿ. ಕೇಬಲ್.

ಬಸವರಾಜ, ಹುಬ್ಬಳ್ಳಿ: ಸರ್ರ, ಎಕ್ಸ್‌ಬಾಕ್ಸ್ 360 ವೈರ್‌ಲೆಸ್ ಕಂಟ್ರೋಲರ್ ಐತಿ. ಪ್ಲೇ ಅಂಡ್ ಚಾರ್ಜ್ ಕೇಬಲ್ ಹಾಕೇನಿ, ಆದ್ರೂ ಪಿಸಿಗೆ ಬರವಲ್ದು. ಬ್ಲೂಟೂತ್‌ನ್ಯಾಗೂ ಸಿಗವಲ್ದು.

ಮಂಜುನಾಥ್: ಆ ಕೇಬಲ್ ಕರೆಂಟ್ ಮಾತ್ರ ಕೊಡುತ್ತೆ, ಡೇಟಾ ಒಯ್ಯೋದಿಲ್ಲ. 360ರಲ್ಲಿ ಬ್ಲೂಟೂತ್ ಇಲ್ಲ, ಅದರದು ಬೇರೆಯೇ 2.4 ಗಿಗಾಹರ್ಟ್ಸ್ ರೇಡಿಯೋ. ಪಿಸಿಗೆ ಅದರ ವೈರ್‌ಲೆಸ್ ರಿಸೀವರ್ ಬೇಕೇ ಬೇಕು.

ದೀಪಕ್: ನಿಂಟೆಂಡೊ ಸ್ವಿಚ್ ಕನ್ಸೋಲಿನ ಎಡಗಡೆ ಜಾಯ್‌ಕಾನ್ (ಅದರ ಕಂಟ್ರೋಲರ್) ಡಾಕ್‌ನಲ್ಲಿ, ಅಂದ್ರೆ ಟಿವಿಗೆ ಜೋಡಿಸಿ, ಆಡುವಾಗ ಆಗಾಗ ತಪ್ಪಿ ಹೋಗುತ್ತೆ. ಯಾಕೆ?

ನಾಗರತ್ನ: ಮಗನ ಪಿಎಸ್4 ಕಂಟ್ರೋಲರ್. ಹಿಂಭಾಗದ ಪ್ಲಾಸ್ಟಿಕ್ ಜೋಡಣೆ ಒಂದು ಕಡೆ ಬಿಟ್ಟುಕೊಂಡಿದೆ, ಆರ್2 ಬಟನ್ ಅಂಟಿಕೊಳ್ಳುತ್ತೆ. ಚಾರ್ಜಿಗೆ ಹಾಕಿದರೆ ಮಧ್ಯಭಾಗ ಬಿಸಿಯಾಗುತ್ತೆ. ಫೋನಿನ 33 ವ್ಯಾಟ್ ಚಾರ್ಜರ್ ಹಾಕ್ತಾನೆ, ಹಾಸಿಗೆ ಮೇಲೇ ಇಟ್ಟು ಆಡ್ತಾನೆ. ಅದನ್ನು ಒತ್ತಿ ಸ್ಕ್ರೂ ಬಿಗಿ ಮಾಡಿದ್ರೆ ಸಾಕಾ?

ಮಂಜುನಾಥ್: ನಾಗರತ್ನ ಅವರೇ, ಒತ್ತಲೇಬೇಡಿ. ಮೊದಲು ಚಾರ್ಜರನ್ನು ಗೋಡೆಯ ಸ್ವಿಚ್‌ನಲ್ಲಿ ಆಫ್ ಮಾಡಿ ಕೇಬಲ್ ತೆಗೆಯಿರಿ. ಪಿಎಸ್ ಬಟನ್ 10 ಸೆಕೆಂಡು ಒತ್ತಿ ಹಿಡಿದರೆ ಕಂಟ್ರೋಲರ್ ಆಫ್ ಆಗುತ್ತೆ. ಹಾಸಿಗೆ, ಪರದೆ, ಪೇಪರ್ ಹತ್ತಿರ ಬೇಡ. ಟೈಲ್ಸ್ ಅಥವಾ ಸಿಮೆಂಟ್ ನೆಲದ ಮೇಲೆ, ನೆರಳಲ್ಲಿ, ಗಾಳಿಯಾಡುವ ಕಡೆ ಇಡಿ.

ನೀವು ಹೇಳುವ ಲಕ್ಷಣ ಬ್ಯಾಟರಿ ಉಬ್ಬಿದ್ದು. ಅದರಲ್ಲಿರೋದು 3.7 ವೋಲ್ಟ್, 1000 ಎಂಎಎಚ್ ಲಿಥಿಯಂ ಬ್ಯಾಟರಿ. ವಯಸ್ಸಾಗಿ, ಬಿಸಿಯಾಗಿ ಒಳಗಿನ ರಾಸಾಯನಿಕ ಒಡೆದರೆ ಅನಿಲ ಹುಟ್ಟುತ್ತೆ. ಅದಕ್ಕೆ ಹೊರಗೆ ದಾರಿ ಇಲ್ಲದೆ ಉಬ್ಬಿ ಪ್ಲಾಸ್ಟಿಕ್ಕನ್ನು ತಳ್ಳುತ್ತೆ, ಬಟನ್ ಅಂಟೋದೂ ಆ ಒತ್ತಡಕ್ಕೇ. ಈಗ ಸ್ಕ್ರೂ ಬಿಗಿ ಮಾಡಿದರೆ ಒಳಗಿನ ಪದರಗಳು ಒಂದಕ್ಕೊಂದು ತಾಗಿ ಶಾರ್ಟ್ ಆಗಬಹುದು, ಬೆಂಕಿ ಹತ್ತಬಹುದು. ಬಿಸಿ ಮೇಲ್ಗಡೆ ಸಾಕೆಟ್ ಹತ್ತಿರ ಮಾತ್ರ ಇದ್ದಿದ್ದರೆ ಪಿನ್ ಸಡಿಲ ಅಂತಿದ್ದೆ. ಮಧ್ಯದಲ್ಲಿ ಬಿಸಿ, ಜೋಡಣೆಯೂ ಬಿಟ್ಟಿದೆ ಅಂದ್ರೆ ಬ್ಯಾಟರಿಯದೇ.

ನೀವು ಬಿಚ್ಚಬೇಡಿ, ಪೂರ್ತಿ ತಣ್ಣಗಾದ ಮೇಲೆ ರಿಪೇರಿಯವರಿಗೆ ಕೊಡಿ. ಬಿಚ್ಚೋರಿಗೆ ಹೇಳ್ತೀನಿ: ಹಿಂದೆ 4 ಸ್ಟಾರ್ ಸ್ಕ್ರೂ. ಎರಡು ಭಾಗಗಳ ನಡುವೆ ತೆಳು ರಿಬ್ಬನ್ ಇದೆ, ಎಳೆದರೆ ಹರಿಯುತ್ತೆ. ಬ್ಯಾಟರಿ ಎಬ್ಬಿಸಲು ಲೋಹದ ಸ್ಕ್ರೂಡ್ರೈವರ್ ಹಾಕಬಾರದು. ತಂತಿ ಎಳೆಯದೆ ಕನೆಕ್ಟರನ್ನೇ ಹಿಡಿದು ತೆಗೀಬೇಕು. ಹೊಸದು ತರುವ ಮೊದಲು ಹಿಂದಿನ ಲೇಬಲ್ ನೋಡಿ, ಝಡ್‌ಸಿಟಿ1 (ಹಳೆ ಪಿಎಸ್4 ಕಂಟ್ರೋಲರ್ ಮಾಡೆಲ್) ಮತ್ತು ಝಡ್‌ಸಿಟಿ2 (ನಂತರದ ಮಾಡೆಲ್) ಕನೆಕ್ಟರ್ ಗಾತ್ರ ಬೇರೆ ಬೇರೆ. ಬೆಂಗಳೂರಿನ ಎಸ್‌ಪಿ ರೋಡ್ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಅದೇ ಗಾತ್ರಕ್ಕೆ 3000 ಎಂಎಎಚ್ ಅಂತ ಬರೆದಿದ್ದರೆ ನಂಬಬೇಡಿ. ಕನೆಕ್ಟರ್ ಸಿಕ್ಕಿಸುವ ಮೊದಲು ಕೆಂಪು, ಕಪ್ಪು ತಂತಿ ಅದಲುಬದಲಾಗಿಲ್ಲ ಅಂತ ಮಲ್ಟಿಮೀಟರಿನಲ್ಲಿ ನೋಡಲೇಬೇಕು. ಹಳೆಯದರ ತುದಿಗೆ ಟೇಪ್ ಸುತ್ತಿ ಇ-ತ್ಯಾಜ್ಯ ತಗೊಳ್ಳೋರಿಗೆ ಕೊಡಿ. ಕಸದ ಗಾಡಿಗೆ ಹಾಕಬೇಡಿ, ಒತ್ತಿದಾಗ ಅಲ್ಲೂ ಬೆಂಕಿ ಹತ್ತುತ್ತೆ.

ರವಿಶಂಕರ್: ಉಬ್ಬಿದ ಬ್ಯಾಟರಿಯನ್ನು ಕವರಿನಲ್ಲಿ ಸುತ್ತಿ ಒಂದು ರಾತ್ರಿ ಫ್ರೀಜರಿನಲ್ಲಿ ಇಟ್ಟರೆ ಮೊದಲಿನಂತಾಗುತ್ತೆ. ಸೂಜಿಯಿಂದ ಸಣ್ಣ ತೂತು ಮಾಡಿದರೆ ಗಾಳಿ ಹೋಗುತ್ತೆ. ಎಲ್ಲರಿಗೂ ತಲುಪಿಸಿ.

ಮಂಜುನಾಥ್: ಇದನ್ನು ಈಗಲೇ ಅಳಿಸಿ. ಫ್ರೀಜರ್ ತೇವ ಕೊಡುತ್ತೆ, ಹುಟ್ಟಿದ ಅನಿಲ ವಾಪಸ್ ಬ್ಯಾಟರಿಯಾಗೋದಿಲ್ಲ. ಸೂಜಿ ಚುಚ್ಚಿದ ಕೈಯಲ್ಲೇ ಉರಿಯುತ್ತೆ. ಒಂದು ಮನೆಯಲ್ಲಿ ಮಗು ಇದೆ ಅಂತ ಈಗಷ್ಟೇ ಓದಿದ್ದೀರಿ.

ರವಿಶಂಕರ್: ತಿಳಿದಿದ್ದು ಹಂಚಿಕೊಂಡೆ ಅಷ್ಟೇ.

ಅಡ್ಮಿನ್: ಅಳಿಸಿದ್ದೇನೆ.

ವಿನಯ್: ತಪ್ಪು 33 ವ್ಯಾಟ್ ಚಾರ್ಜರಿಂದೇ. ಅಷ್ಟು ಕರೆಂಟ್ ನುಗ್ಗಿಸಿದ್ರೆ ಸುಡದೆ ಇರುತ್ತಾ?

ಅಶ್ವಿನ್: ನುಗ್ಗಿಸೋದಲ್ಲ ಸ್ವಾಮಿ. ಎಷ್ಟು ಬೇಕೋ ಅಷ್ಟನ್ನು ಕಂಟ್ರೋಲರೇ ಎಳೆಯುತ್ತೆ. 5 ವೋಲ್ಟ್, ಹೆಚ್ಚೆಂದರೆ 800 ಮಿಲಿಆಂಪ್. ಅಂದ್ರೆ 4 ವ್ಯಾಟ್.

ವಿನಯ್: ಅಂಗಡಿಯವರೇ ಫಾಸ್ಟ್ ಚಾರ್ಜರ್ ಬೇಡ ಅಂತಾರೆ. ನೀವೇನು ಅವರಿಗಿಂತ ದೊಡ್ಡೋರಾ?

ಅಶ್ವಿನ್: ಅಂಗಡಿಯವರು ಅಳೆದು ಹೇಳಿದ್ರಾ? ಓಮ್‌ನ ನಿಯಮ ಹೈಸ್ಕೂಲಿನಲ್ಲೇ ಇತ್ತಲ್ಲ.

ವಿನಯ್: ಮರ್ಯಾದೆ ಕೊಟ್ಟು ಮಾತಾಡಿ.

ಮಂಜುನಾಥ್: ಜಗಳ ಸಾಕು. ಒಳ್ಳೆ ಚಾರ್ಜರ್ ತಾನಾಗಿ 5 ವೋಲ್ಟ್ ದಾಟೋದಿಲ್ಲ, ಹೆಚ್ಚು ಬೇಕು ಅಂತ ಉಪಕರಣ ಕೇಳಿದಾಗ ಮಾತ್ರ ಏರಿಸುತ್ತೆ. ಈ ಕಂಟ್ರೋಲರ್ ಕೇಳೋದೇ ಇಲ್ಲ. ಹೆಸರಿಲ್ಲದ ಅಗ್ಗದ ಚಾರ್ಜರಿನ 5 ವೋಲ್ಟ್ ಮಾತ್ರ ನಂಬಿಕೆಗೆ ಯೋಗ್ಯವಲ್ಲ. ಬ್ಯಾಟರಿ ಸರಿ ಇರುವ ಕಂಟ್ರೋಲರನ್ನು ಕನ್ಸೋಲಿನ ಪೋರ್ಟಿನಲ್ಲೇ ಚಾರ್ಜ್ ಮಾಡಿ.

ಸುಹಾಸ್: ಎಕ್ಸ್‌ಬಾಕ್ಸ್ ಕಂಟ್ರೋಲರಿಗೆ ಎಎ ಗಾತ್ರದ 14500 ಲಿಥಿಯಂ ಸೆಲ್ ಎರಡು ಹಾಕಬಹುದಾ? ಹೆಚ್ಚು ದಿನ ಬರುತ್ತಂತೆ.

ಮಂಜುನಾಥ್: ಬೇಡ. ಒಂದೊಂದು 3.7 ವೋಲ್ಟ್, ಎರಡು ಸೇರಿ 7.4. ಆ ಸರ್ಕ್ಯೂಟ್ ಇರೋದು 3 ವೋಲ್ಟಿಗೆ. 1.2 ವೋಲ್ಟಿನ ರೀಚಾರ್ಜೆಬಲ್ ನಿಕಲ್ ಸೆಲ್ ಹಾಕಿ. ಅಗ್ಗದ ಕಾರ್ಬನ್ ಸೆಲ್ ಹಾಕಿದರೆ ವೈಬ್ರೇಷನ್ ಬಂದಾಗ ವೋಲ್ಟೇಜ್ ಕುಸಿದು ಕನೆಕ್ಷನ್ ತಪ್ಪುತ್ತೆ.

ಪ್ರಜ್ವಲ್, ಮಂಗಳೂರು: ಪಿಸಿ ಹಿಂದೆ ಬ್ಲೂಟೂತ್ ಡಾಂಗಲ್ ಉಂಟು. ಪಕ್ಕದಲ್ಲಿ ಹಾರ್ಡ್ ಡಿಸ್ಕ್ ಹಾಕಿದ ಕೂಡಲೇ ಕಂಟ್ರೋಲರ್ ಕಟ್ ಆಗ್ತದೆ ಮಾರಾಯ್ರೆ. ತೆಗೆದರೆ ಸರಿ. ಇದೆಂತ ಕಥೆ?

ಮಂಜುನಾಥ್: ಒಳ್ಳೆ ಪ್ರಶ್ನೆ, ಸರಿಯಾಗಿಯೇ ಗಮನಿಸಿದ್ದೀರಿ. ಯುಎಸ್‌ಬಿ 3.0 ಡೇಟಾ ಓಡುವಾಗ 2.4 ಗಿಗಾಹರ್ಟ್ಸ್ ಸುತ್ತ ರೇಡಿಯೋ ಗದ್ದಲ ಹೊಮ್ಮುತ್ತೆ. ಇಂಟೆಲ್ 2012ರಲ್ಲೇ ಇದನ್ನು ಅಳೆದು ಪ್ರಕಟಿಸಿದೆ. ಬ್ಲೂಟೂತ್ ನಡೆಯೋದೂ ಅಲ್ಲೇ. ಡಾಂಗಲ್ ಕೆಟ್ಟಿಲ್ಲ, ಹೊಸದು ಕೊಳ್ಳಬೇಡಿ. 1 ಮೀಟರ್ ಯುಎಸ್‌ಬಿ 2.0 ಎಕ್ಸ್‌ಟೆನ್ಷನ್ ಹಾಕಿ ಡಾಂಗಲನ್ನು ಮೇಜಿನ ಮೇಲೆ, ಕಣ್ಣಿಗೆ ಕಾಣುವಂತೆ ಇಡಿ. ಕ್ಯಾಬಿನೆಟ್ಟಿನ ಲೋಹವೂ ಆಗ ಅಡ್ಡ ಬರೋದಿಲ್ಲ. ಆಮೇಲೂ ತಪ್ಪಿದರೆ ಹಾರ್ಡ್ ಡಿಸ್ಕಿನ ಕೇಬಲ್ ಬದಲಾಯಿಸಿ, ಶೀಲ್ಡ್ ಸರಿಯಿಲ್ಲದ ಕೇಬಲ್ ಗದ್ದಲ ಹೆಚ್ಚಿಸುತ್ತೆ.

ಅಶ್ವಿನ್: ವೈರ್ ಹಾಕಿ ಆಡಿದ್ರೆ ಈ ತೊಂದರೆಯೇ ಇಲ್ಲ.

ವಿನಯ್: ಪಿಎಸ್4ನಲ್ಲಿ ವೈರ್ ಹಾಕಿದ್ರೂ ಬ್ಲೂಟೂತಲ್ಲೇ ಓಡೋದು. ಅದು ಗೊತ್ತಿಲ್ವಾ ಹೈಸ್ಕೂಲ್ ಮೇಷ್ಟ್ರಿಗೆ?

ಅಶ್ವಿನ್: ಪ್ರಜ್ವಲ್ ಹೇಳಿದ್ದು ಪಿಸಿ. ಓದಿ ಬರೀರಿ. ಪಿಎಸ್4ನಲ್ಲೂ ಸೆಟ್ಟಿಂಗ್ಸ್, ಡಿವೈಸಸ್, ಕಂಟ್ರೋಲರ್ಸ್‌ನಲ್ಲಿ ಕಮ್ಯುನಿಕೇಷನ್ ಮೆಥಡ್ ಬದಲಾಯಿಸಬಹುದು.

ಮಂಜುನಾಥ್: ಝಡ್‌ಸಿಟಿ2ಕ್ಕೆ ಮಾತ್ರ. ಇಬ್ಬರೂ ನಿಲ್ಲಿಸಿ.

ಗಣೇಶ್: ಪಿಎಸ್4 ಕಂಟ್ರೋಲರ್ ಚಾರ್ಜ್ ಆಗುತ್ತೆ, ಪಿಸಿಯಲ್ಲಿ ಬರ್ತಿಲ್ಲ...

ಮಂಜುನಾಥ್: ಕೇಬಲ್. ಮೂರನೇ ಸಲ.

ದೀಪಕ್: ನನ್ನ ಜಾಯ್‌ಕಾನ್ ಪ್ರಶ್ನೆ ಯಾರೂ ನೋಡಲೇ ಇಲ್ಲ.

ನಾಗರತ್ನ: ಆಫ್ ಮಾಡಿ ಬಾಲ್ಕನಿ ನೆಲದ ಮೇಲೆ ಇಟ್ಟಿದ್ದೀನಿ ಸರ್. ಕೇಬಲ್ ತೆಗೆದು ಒಂದು ಗಂಟೆಯಾದರೂ ಬಿಸಿ ಇಳಿದಿಲ್ಲ.

ಮಂಜುನಾಥ್: ಮುಟ್ಟಿ ನೋಡೋದು ನಿಲ್ಲಿಸಿ. ಮಗನನ್ನು ಒಳಗೆ ಕರೆದು ಬಾಲ್ಕನಿ ಬಾಗಿಲು ಹಾಕಿ. ಒಣಗಿದ ಬಟ್ಟೆ ಅಲ್ಲಿದ್ದರೆ ತೆಗೀರಿ. ಹೊಗೆ, ಬುಸ್ಸೆನ್ನುವ ಸದ್ದು, ಬಣ್ಣ ತೆಳುಗೊಳಿಸುವ ಎಣ್ಣೆಯಂಥ ವಾಸನೆ ಬಂದರೆ ಹತ್ತಿರ ಹೋಗದೆ 112ಕ್ಕೆ ಫೋನ್ ಮಾಡಿ. ನನಗೂ ಈಗ ನೇರ ಮೆಸೇಜ್ ಹಾಕಿ, ಫೋಟೋ ಬೇಡ.