‘ಮಾವಿನ ಹಣ್ಣು ಇಂಪಾಗಿತ್ತು’ ಎಂದು ಬರೆದರೆ ತಪ್ಪೇ?

ಪ್ರಶ್ನೆ: ಕನ್ನಡ ಮೇಷ್ಟ್ರು

ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಕಳೆದ ವಾರ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಪ್ರಬಂಧದಲ್ಲಿ ‘ಅಜ್ಜಿ ಕೊಟ್ಟ ಮಾವಿನ ಹಣ್ಣು ಇಂಪಾಗಿತ್ತು’ ಎಂದು ಬರೆದಿದ್ದಳು. ಇಂಪು ಕಿವಿಗೆ, ಸಿಹಿ ನಾಲಗೆಗೆ ಎಂದು ತಿಳಿಸಿ ಕೆಂಪು ಗೆರೆ ಎಳೆದೆ. ‘ಸಿಹಿಸುದ್ದಿಯನ್ನು ಕಿವಿಯಿಂದಲೇ ಕೇಳುತ್ತೇವಲ್ಲ ಸರ್?’ ಎಂದು ಅವಳು ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ಸಿಹಿ, ಸವಿ, ಇನಿ ಎಂಬ ಈ ಪದಗಳಲ್ಲಿ ವಾಚ್ಯಾರ್ಥ (ಪದದ ನೇರ ಅರ್ಥ) ಎಲ್ಲಿಗೆ ಮುಗಿಯುತ್ತದೆ, ಲಕ್ಷ್ಯಾರ್ಥ (ಅದರಿಂದ ಚಾಚಿಕೊಂಡ ಅಲಂಕಾರಿಕ ಅರ್ಥ) ಎಲ್ಲಿಂದ ತೊಡಗುತ್ತದೆ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಹಳಗನ್ನಡದ ಓದುಗ

ಇಂದಿನ ಬಳಕೆಯನ್ನು ನೋಡಿದರೆ ನೀವು ತಿದ್ದಿದ್ದು ಸರಿ. ಆದರೆ ಆ ಹುಡುಗಿ ತನಗರಿವಿಲ್ಲದೆಯೇ ಬಹಳ ಹಳೆಯ ಅರ್ಥವೊಂದನ್ನು ಮುಟ್ಟಿದ್ದಾಳೆ. ‘ಇಂಪು’ವಿನ ಬಳಗಕ್ಕೇ ಸೇರಿದ ‘ಇನಿದು’ ಎಂದರೆ ಹಳಗನ್ನಡದಲ್ಲಿ ನಾಲಗೆಗೆ ಸಿಹಿಯಾದದ್ದು ಎಂದೇ ಅರ್ಥವಿತ್ತು. ಕರ್ಮಧಾರಯ ಸಮಾಸಕ್ಕೆ ನಾವೆಲ್ಲ ಬಾಯಿಪಾಠ ಮಾಡಿದ ಉದಾಹರಣೆಗಳನ್ನೇ ನೆನಪಿಸಿಕೊಳ್ಳಿ: ಇನಿದು + ಮಾವು = ಇಮ್ಮಾವು, ಇನಿದು + ಸರ = ಇಂಚರ. ಒಂದೇ ಪದ ಮೊದಲನೆಯದರಲ್ಲಿ ಹಣ್ಣಿನ ರುಚಿಯನ್ನೂ ಎರಡನೆಯದರಲ್ಲಿ ದನಿಯ ಸೊಗಸನ್ನೂ ಹೇಳುತ್ತಿದೆ. ಕಾಲಾಂತರದಲ್ಲಿ ನಾಲಗೆಯ ಕೆಲಸವನ್ನು ‘ಸಿಹಿ’ ವಹಿಸಿಕೊಂಡಿತು. ಇಮ್ಮಾವು ವ್ಯಾಕರಣದ ಪುಟಗಳಲ್ಲಷ್ಟೇ ಉಳಿಯಿತು. ಇಂಚರ, ಇನಿದನಿ, ಇಂಪು, ಇನಿಯ ಮಾತ್ರ ಬಾಳಿದವು. ತಮಿಳಿನಲ್ಲಿ ಹೀಗಾಗಲಿಲ್ಲ, ಅಲ್ಲಿ ಇಂದಿಗೂ ಸಿಹಿತಿಂಡಿಗೆ ‘ಇನಿಪ್ಪು’ ಎನ್ನುತ್ತಾರೆ. ವಾಚ್ಯಾರ್ಥವನ್ನು ಕಳೆದುಕೊಂಡು ಲಕ್ಷ್ಯಾರ್ಥದ ಬಲದಿಂದಲೇ ಬದುಕಿರುವ ಇಂತಹ ಪದವನ್ನು ಮಕ್ಕಳಿಗೆ ತೋರಿಸುವುದು ಬಹಳ ಒಳ್ಳೆಯ ಪಾಠ.

‘ಸವಿ’ಯ ದಾರಿಯೇ ಬೇರೆ. ಸಿಹಿ ಬೆಲ್ಲದಲ್ಲಿರುವ ಗುಣ, ಸವಿಯುವುದು ತಿನ್ನುವವನ ಕೆಲಸ. ಉಪ್ಪಿನಕಾಯಿಯಲ್ಲಿ ಸಿಹಿಯಿಲ್ಲದಿದ್ದರೂ ಅದನ್ನು ಸವಿಯಬಹುದು. ಸವಿನೆನಪು, ಸವಿನಿದ್ದೆ ಎಂಬ ಮಾತುಗಳು ಸಹಜವಾಗಿ ಬರುವುದಕ್ಕೂ ‘ಸಿಹಿನಿದ್ದೆ’ ಎಂದಾಗ ಅನುವಾದದ ವಾಸನೆ ಹೊಡೆಯುವುದಕ್ಕೂ ಇದೇ ಕಾರಣವೆಂದು ನನ್ನ ಭಾವನೆ.

ಉತ್ತರ: ಕರಾವಳಿಯವಳು

ಮೇಲಿನ ಉತ್ತರದ ಒಂದು ಮಾತಿಗೆ ನನ್ನ ತಕರಾರಿದೆ. ‘ಸಿಹಿ’ ಎಂಬುದರ ವಾಚ್ಯಾರ್ಥ ಬೆಲ್ಲದ ರುಚಿ ಮಾತ್ರ ಎಂದು ಹೇಳುವಂತಿಲ್ಲ. ನಮ್ಮ ಮನೆ ಅಳಿವೆಗೆ ಹತ್ತಿರದಲ್ಲಿದೆ. ಬೇಸಗೆಯಲ್ಲಿ ಹೊಳೆಯ ಹರಿವು ತಗ್ಗಿ ಕಡಲ ನೀರು ಒಳನುಗ್ಗಿದಾಗ ಅಂಗಳದ ಬಾವಿ ಉಪ್ಪಾಗುತ್ತದೆ. ಆಗ ಅಮ್ಮ ಕೊಡಪಾನ ಹಿಡಿದು ಮೇಲಿನ ಮನೆಯ ‘ಸಿಹಿನೀರಿನ ಬಾವಿ’ಗೆ ಹೋಗುತ್ತಿದ್ದರು. ಮಳೆ ಹಿಡಿದು ಕೆಲವು ದಿನಗಳಾದ ಮೇಲೆ ನಮ್ಮ ಬಾವಿಯಿಂದ ಒಂದು ಬೊಗಸೆ ಎತ್ತಿ ಬಾಯಿಗೆ ಹಾಕಿ, ‘ಸಿಹಿಯಾಯಿತು, ಇನ್ನು ಅನ್ನಕ್ಕೆ ಇದೇ ಸಾಕು’ ಎನ್ನುತ್ತಿದ್ದರು. ಆ ನೀರಿನಲ್ಲಿ ಸಕ್ಕರೆಯ ಅಂಶವೇನೂ ಇರಲಿಲ್ಲ, ಉಪ್ಪು ಹೋಗಿತ್ತು ಅಷ್ಟೆ. ಕುಡಿಯಲು ಯೋಗ್ಯವಾದದ್ದು ಎಂಬ ಈ ಅರ್ಥವನ್ನು ಅಲಂಕಾರವೆಂದು ಕರೆಯಲು ನನಗೆ ಮನಸ್ಸಿಲ್ಲ, ಏಕೆಂದರೆ ಅದನ್ನೂ ನಾಲಗೆಯೇ ತೀರ್ಮಾನಿಸುತ್ತಿತ್ತು.

ಉತ್ತರ: ಬಾದಾಮಿ ಸೀಮೆಯವ

ಲಕ್ಷ್ಯಾರ್ಥ ಈಚಿನದೆಂದು ಯಾರೂ ತಿಳಿಯಬಾರದೆಂದು ಇಷ್ಟು ಸೇರಿಸುತ್ತೇನೆ. ಬಾದಾಮಿಯ ಬಂಡೆಯ ಮೇಲಿರುವ, ಸುಮಾರು ಕ್ರಿ.ಶ. 700ರ, ಕಪ್ಪೆ ಅರಭಟ್ಟ ಎಂಬ ವೀರನನ್ನು ಹೊಗಳುವ ಶಾಸನದಲ್ಲಿ ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ’ ಎಂದಿದೆ. ಇಲ್ಲಿ ‘ಮಾಧುರ್ಯಂಗೆ’ ಎಂಬ ರೂಪವನ್ನು ಗಮನಿಸಬೇಕು. ಗುಣವನ್ನಷ್ಟೇ ಹೇಳುವುದಾಗಿದ್ದರೆ ನಪುಂಸಕಲಿಂಗಕ್ಕೆ ತಕ್ಕಂತೆ ‘ಮಾಧುರ್ಯಕ್ಕೆ’ ಎಂದಾಗಬೇಕಿತ್ತು. ‘ದೇವಂಗೆ’, ‘ಅವಂಗೆ’ ಎಂಬಂತೆ ಪುಲ್ಲಿಂಗದ ರೂಪ ಬಂದಿರುವುದರಿಂದ, ಸಿಹಿಯಾಗಿ ನಡೆದುಕೊಳ್ಳುವ ಮನುಷ್ಯನನ್ನೇ ಮಾಧುರ್ಯ ಎಂದು ಕರೆದಂತಾಯಿತು. ಒಳ್ಳೆಯವನಿಗೆ ಒಳ್ಳೆಯವನು, ಮಧುರನಿಗೆ ಮಧುರನು ಎಂದು ಹೊಗಳಿದ ಬೆನ್ನಿಗೇ ‘ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್’ ಎಂದು, ಕಾಡುವವನಿಗೆ ಅರಭಟ್ಟ ಎಷ್ಟು ಕಠಿಣನೆಂಬುದನ್ನೂ ಹೇಳಲಾಗಿದೆ. ಸಿಹಿ ಮಾತನ್ನು ನಮ್ಮ ಜನ ಎಂದೂ ಕಣ್ಣುಮುಚ್ಚಿ ನಂಬಿದವರಲ್ಲ. ‘ಬಾಯಲ್ಲಿ ಬೆಲ್ಲ, ಕರುಳು ಕತ್ತರಿ’ ಎಂಬ ಗಾದೆ ನಮ್ಮೂರ ಸಂತೆಯಲ್ಲಿ ಈಗಲೂ ಕೇಳಿಬರುತ್ತದೆ.

ಮರುನುಡಿ: ಕನ್ನಡ ಮೇಷ್ಟ್ರು

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಪರೀಕ್ಷೆಯಲ್ಲಿ ಅವಳಿಗೆ ತೊಂದರೆಯಾಗಬಾರದೆಂದು ಕೆಂಪು ಗೆರೆಯನ್ನು ಹಾಗೆಯೇ ಉಳಿಸಿದ್ದೇನೆ; ಅದರ ಪಕ್ಕದಲ್ಲಿ ‘ಇನಿದು + ಮಾವು = ಇಮ್ಮಾವು’ ಎಂದು ಬರೆದಿದ್ದೇನೆ. ಸಿಹಿನೀರಿನ ಬಾವಿಯ ಮಾತನ್ನು ಸೋಮವಾರ ಇಡೀ ತರಗತಿಯ ಮುಂದಿಡುವೆ.