ಅಕ್ಕನಿಗೆ ಹೊಸದಾಗಿ ಶುಗರ್ ಬಂದಿದೆ, ಚೀಟಿ ಬರೆದು ಕಳಿಸಿದರು. ಮುಂದೆ ಯಾರನ್ನು ಕೇಳಬೇಕು?

ಕೊಬ್ಬರಿ_ತಮ್ಮ:

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಇರೋದು, ಅಕ್ಕ ತಿಪಟೂರಿನಲ್ಲಿ. 44 ವರ್ಷ. ಚಿಕ್ಕದೊಂದು ಮೆಸ್ ನಡೆಸುತ್ತಾಳೆ. ಭಾವ ತೀರಿಕೊಂಡಿದ್ದಾರೆ, ಮಗಳು ಪಿಯುಸಿ. ಪಾದದ ಮೇಲೆ ಒಂದು ಗಾಯ ತುಂಬಾ ದಿನ ಒಣಗಲಿಲ್ಲ ಅಂತ ರಕ್ತ ಪರೀಕ್ಷೆ ಮಾಡಿಸಿದರೆ ಖಾಲಿ ಹೊಟ್ಟೆಯಲ್ಲಿ 188, ಸರಾಸರಿ ಶುಗರ್ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 9.2. ಸುಸ್ತು ಮೊದಲಿನಿಂದಲೂ ಇತ್ತು, ಒಲೆ ಮುಂದೆ ನಿಂತು ನಿಂತು ಹಾಗೆ ಅಂದುಕೊಂಡಿದ್ದಳಂತೆ.

ಒಂದು ಖಾಸಗಿ ಕ್ಲಿನಿಕ್‌ನಲ್ಲಿ ತೋರಿಸಿದಳು. "ಶುಗರ್ ಇದೆ, ಸಿಹಿ ಬಿಡಿ, ವಾಕಿಂಗ್ ಮಾಡಿ, ತಿಂಗಳು ಬಿಟ್ಟು ಬನ್ನಿ" ಅಂದು ಚೀಟಿ ಬರೆದರು, ಮುಗೀತು. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಎರಡೂ ಸೇರಿರುವ ಮಾತ್ರೆ, ಬೆಳಗ್ಗೆ ಒಂದು ರಾತ್ರಿ ಒಂದು. ಏನು ತಿನ್ನಬೇಕು, ಮನೆಯಲ್ಲಿ ಶುಗರ್ ನೋಡುವ ಮೆಷಿನ್ ಬೇಕಾ, ಮಾತ್ರೆ ಎಷ್ಟು ದಿನ, ಒಂದನ್ನೂ ಹೇಳಲಿಲ್ಲ. ಈಗ ಬೀದಿಯವರೆಲ್ಲ ಡಾಕ್ಟರಾಗಿದ್ದಾರೆ. ಒಬ್ಬರು ಹಾಗಲಕಾಯಿ ಜ್ಯೂಸ್ ಅಂತಾರೆ, ಒಬ್ಬರು ಅನ್ನ ಪೂರ್ತಿ ಬಿಡು ರಾಗಿ ಎಷ್ಟು ಬೇಕಾದರೂ ತಿನ್ನು ಅಂತಾರೆ, ಇನ್ನೊಬ್ಬರು ಯಾವುದೋ ಪುಡಿ ತಂದು ಕೊಟ್ಟಿದ್ದಾರೆ. ಅಕ್ಕ ಹೆದರಿಕೊಂಡು ಅರ್ಧ ಊಟ ಬಿಟ್ಟಿದ್ದಾಳೆ. ಮಧ್ಯಾಹ್ನ ಮೂರರ ಹೊತ್ತಿಗೆ ಕೈ ನಡುಗುತ್ತೆ, ಮೈಯೆಲ್ಲ ಬೆವರುತ್ತೆ ಅಂತಾಳೆ, ನಿಶ್ಶಕ್ತಿ ಇರಬೇಕು. ರಾತ್ರಿ ಫೋನ್ ಮಾಡಿದರೆ ಅಳು.

ನನಗೆ ಬೇಕಿರೋದು ಇಷ್ಟೇ. ಕೂರಿಸಿಕೊಂಡು ಹೇಳಿಕೊಡುವವರು ಯಾರಾದರೂ ಇದ್ದಾರಾ? ತಿಂಗಳಿಗೆ ಸಾವಿರಗಟ್ಟಲೆ ಖರ್ಚು ಮಾಡುವ ಶಕ್ತಿ ಅವಳಿಗಿಲ್ಲ.

ಸಿಸ್ಟರ್_ಹಾಸನ:

ಬೇರೆಲ್ಲ ಆಮೇಲೆ. ಆ ಮೂರು ಗಂಟೆಯ ನಡುಕದ ವಿಷಯ ಮೊದಲು. ಅದನ್ನು ನಿಶ್ಶಕ್ತಿ ಅಂತ ಬಿಡಬೇಡಿ, ಶುಗರ್ ಇಳಿದು ಹಾಗಾಗುತ್ತಿರುವ ಸಾಧ್ಯತೆ ಜಾಸ್ತಿ. ಗ್ಲಿಮೆಪಿರೈಡ್ ಅನ್ನೋದು ನೀವು ಊಟ ಮಾಡಿದ್ದೀರೋ ಇಲ್ಲವೋ ನೋಡೋದಿಲ್ಲ, ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಬಿಡಿಸುತ್ತಲೇ ಇರುತ್ತದೆ. ಮೆಸ್ ನಡೆಸುವವರು ಗಿರಾಕಿಗಳ ಊಟ ಮುಗಿಸಿ ತಾವು ತಿನ್ನುವ ಹೊತ್ತಿಗೆ ನಾಲ್ಕಾಗಿರುತ್ತದೆ, ಅಲ್ವಾ? ಅದರ ಮೇಲೆ ಹೆದರಿಕೆಗೆ ಊಟವನ್ನೂ ಅರ್ಧ ಮಾಡಿದ್ದಾರೆ.

ನಡುಕ, ಬೆವರು, ಎದೆ ಬಡಿತ, ಕಣ್ಣು ಮಂಜು, ವಿಪರೀತ ಹಸಿವು ಶುರುವಾದರೆ ತಕ್ಷಣ ಮೆಷಿನ್‌ನಲ್ಲಿ ನೋಡಲಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಬೇಕು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು, ಏರದಿದ್ದರೆ ಇನ್ನೊಮ್ಮೆ ಕುಡಿಯಬೇಕು, ಸರಿಯಾದ ಮೇಲೆ ಊಟ ಮಾಡಬೇಕು. ಮೆಷಿನ್ ಇಲ್ಲದಿದ್ದರೆ ಅದಕ್ಕಾಗಿ ಕಾಯೋದು ಬೇಡ, ಮೊದಲು ಸಕ್ಕರೆ. ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಹಾಕಬಾರದು, 108ಕ್ಕೆ ಫೋನ್ ಮಾಡಿ. ಇದು ಮಗಳಿಗೂ ಗೊತ್ತಿರಲಿ. ನಾಳೆಯೇ ಡಾಕ್ಟರ ಹತ್ತಿರ ಹೋಗಿ "ನನ್ನ ಊಟದ ಹೊತ್ತು ಇದು, ಹೀಗೆ ನಡುಗುತ್ತೆ" ಅಂತ ಬಿಡಿಸಿ ಹೇಳಲಿ, ಮಾತ್ರೆ ಬದಲಾಯಿಸುವುದೋ ಕಡಿಮೆ ಮಾಡುವುದೋ ಅವರು ನೋಡುತ್ತಾರೆ.

ಎಲ್ಲಿಗೆ ಹೋಗೋದು ಅಂದಿರಲ್ಲ, ತಾಲ್ಲೂಕು ಸರ್ಕಾರಿ ಆಸ್ಪತ್ರೆಯಲ್ಲಿ ಎನ್‌ಸಿಡಿ ಕ್ಲಿನಿಕ್ ಎಲ್ಲಿದೆ ಅಂತ ಕೇಳಿ. ಬಿಪಿ, ಶುಗರ್‌ನಂಥ ಒಬ್ಬರಿಂದ ಒಬ್ಬರಿಗೆ ಅಂಟದ ಕಾಯಿಲೆಗಳಿಗೆ ಅಂತಲೇ ಇರುವ ಕ್ಲಿನಿಕ್ ಅದು. 2010ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಕಾರ್ಯಕ್ರಮದಲ್ಲಿ ಬರುತ್ತೆ. ಜನ ಮಾತ್ರೆ ಇಸ್ಕೊಂಡು ಹೊರಟುಬಿಡುತ್ತಾರೆ. ಆದರೆ ಅಲ್ಲಿ ಡಾಕ್ಟರ್, ನರ್ಸ್ ಜೊತೆ ಒಬ್ಬ ಆಪ್ತಸಮಾಲೋಚಕರ ಹುದ್ದೆಯೂ ಇದೆ, ನಾವು ಕೌನ್ಸೆಲರ್ ಅಂತೀವಿ. ಊಟ, ಕಾಲಿನ ಆರೈಕೆ, ಮಾತ್ರೆ ಹೊತ್ತು ಇದನ್ನೆಲ್ಲ ಕೂರಿಸಿಕೊಂಡು ಹೇಳೋದೇ ಅವರ ಕೆಲಸ. ಕೇಳಿದವರಿಗೆ ಸಿಗುತ್ತೆ, ಕೇಳದಿದ್ದರೆ ಕ್ಯೂ ಮುಂದೆ ಹೋಗ್ತಾ ಇರುತ್ತೆ. ನಾನೂ ಅಂಥದೇ ಕ್ಲಿನಿಕ್‌ನಲ್ಲಿ ಇರೋದು, ಅದಕ್ಕೇ ಹೇಳ್ತಿದ್ದೀನಿ.

ಆ ಗಾಯ ಈಗ ಹೇಗಿದೆ? ಇನ್ನೂ ಒಣಗಿಲ್ಲ ಅಂದರೆ ಅದನ್ನೂ ನಾಳೆಯೇ ತೋರಿಸಬೇಕು. ಮತ್ತೆ ಇತ್ತೀಚೆಗೆ ತೂಕ ಏನಾದರೂ ಬೇಗ ಇಳಿದಿದೆಯಾ?

ದಾವಣಗೆರೆ_ಬೆಣ್ಣೆ:

ಸಿಸ್ಟರ್ ಹೇಳೋದು ಪುಸ್ತಕದಲ್ಲಿ ಚೆನ್ನಾಗಿದೆ. ನಮ್ಮ ಕಡೆ ಅಪ್ಪ ಹೋದಾಗೆಲ್ಲ "ಈ ಮಾತ್ರೆ ಸ್ಟಾಕ್ ಇಲ್ಲ, ಹೊರಗೆ ತಗೊಳ್ಳಿ" ಅನ್ನೋದೇ ಆಯ್ತು, ಕೌನ್ಸೆಲರ್ ಅನ್ನುವವರ ಮುಖವನ್ನೇ ನೋಡಿಲ್ಲ. ಮೆಸ್ ಬಾಗಿಲು ಹಾಕಿಕೊಂಡು ಅರ್ಧ ದಿನ ಕ್ಯೂನಲ್ಲಿ ನಿಂತರೆ ಅವತ್ತಿನ ದುಡಿಮೆ ಹೋಯ್ತು, ಅದನ್ನೂ ಲೆಕ್ಕ ಹಾಕಿ.

ಹಳೇ_ಶುಗರ್_ಪಾರ್ಟಿ:

ತಮ್ಮಾ, ನನಗೆ ಶುಗರ್ ಬಂದು ವರ್ಷಗಳೇ ಆದವು. ಊಟದ ವಿಷಯ ನಾನು ಹೇಳ್ತೀನಿ, ಯಾಕಂದರೆ ಮೊದಲು ಕೈಕೊಡೋದು ಅದೇ.

ರಾಗಿ ಎಷ್ಟು ಬೇಕಾದರೂ ತಿನ್ನಬಹುದು ಅನ್ನೋದು ಸುಳ್ಳು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪಟ್ಟಿ ನೋಡಿ, 100 ಗ್ರಾಂ ಅಕ್ಕಿಯಲ್ಲಿ ಶರ್ಕರಪಿಷ್ಟ (ಕಾರ್ಬೋಹೈಡ್ರೇಟ್) ಸುಮಾರು 78 ಗ್ರಾಂ, ರಾಗಿಯಲ್ಲಿ 67. ರಾಗಿಯಲ್ಲಿ ನಾರು ಜಾಸ್ತಿ, ಸುಮಾರು 11 ಗ್ರಾಂ, ಅದೇನೋ ಒಳ್ಳೆಯದೇ. ಹಾಗಂತ ದೊಡ್ಡ ಮುದ್ದೆ ಎರಡು ಹೊಡೆದರೆ ಶುಗರ್ ಏರದೇ ಇರುತ್ತಾ? ನಮ್ಮ ಕಡೆ ಮುದ್ದೆ ಗಾತ್ರ ನಿಮಗೆ ಗೊತ್ತೇ ಇದೆ. ರಾಗಿ ಗಂಜಿ ಕುಡಿಯುವವರಂತೂ ಇನ್ನೂ ಹುಷಾರಾಗಿರಬೇಕು, ನುಣ್ಣಗೆ ಹಿಟ್ಟು ಮಾಡಿ ನೀರಾಗಿ ಬೇಯಿಸಿದ್ದು ಬೇಗ ರಕ್ತಕ್ಕೆ ಸೇರುತ್ತೆ.

ಅಕ್ಕ ಮೆಸ್‌ನವರು, ಅವರಿಗೆ ಬೇರೆ ಅಡುಗೆ ಮಾಡಿಕೊಳ್ಳಿ ಅಂದರೆ ಆಗದ ಮಾತು. ಇರೋದರಲ್ಲೇ ತಟ್ಟೆ ಬದಲಾಯಿಸಲಿ. ತಟ್ಟೆಯ ಅರ್ಧ ಸೊಪ್ಪು, ತರಕಾರಿ ಪಲ್ಯ. ಕಾಲು ಭಾಗ ಕಾಳು, ಬೇಳೆ, ಮೊಟ್ಟೆ, ತಿನ್ನುವವರಾದರೆ ಮೀನು. ಉಳಿದ ಕಾಲು ಭಾಗ ಅನ್ನವೋ ಮುದ್ದೆಯೋ ಚಪಾತಿಯೋ, ಒಂದು ಮಾತ್ರ. ಬಸ್ಸಾರು, ಹುರುಳಿಕಾಳು, ಅವರೆಕಾಳು ಇರುವ ಊರಲ್ಲಿ ಶುಗರ್ ಊಟ ಅಂತ ಡಬ್ಬಿ ಕೊಳ್ಳುವ ಅಗತ್ಯವೇ ಇಲ್ಲ. ತೊಂದರೆ ಇರೋದು ರುಚಿ ನೋಡೋದರಲ್ಲಿ. ಬೆಳಗ್ಗೆಯಿಂದ ಚಮಚ ಚಮಚ ಚಿತ್ರಾನ್ನ, ಎರಡು ಬೋಂಡ, ನಾಲ್ಕು ಸಲ ಸಕ್ಕರೆ ಹಾಕಿದ ಟೀ, ಇದು ಯಾವುದೂ ಊಟದ ಲೆಕ್ಕಕ್ಕೆ ಬರೋದೇ ಇಲ್ಲ ಅಂತ ಅಡುಗೆ ಮಾಡುವವರಿಗೆಲ್ಲ ಒಂದು ನಂಬಿಕೆ. ಗಿರಾಕಿಗಳು ಬರುವ ಮುಂಚೆ ಹನ್ನೆರಡೂವರೆಗೆ ಕೂತು ತಿಂದುಬಿಡಲಿ. ಇದಕ್ಕೆ ಅಕ್ಕ ಒಪ್ಪೋದು ಕಷ್ಟ, ನಮ್ಮ ಹೆಂಗಸರಿಗೆ ಎಲ್ಲರಿಗಿಂತ ಕೊನೆಗೆ ತಿನ್ನುವ ಚಟ, ಬಿಡಿಸಬೇಕು.

ಹಾಗಲಕಾಯಿ ಪಲ್ಯ ತಿನ್ನಲಿ, ಬೇಡ ಅನ್ನಲ್ಲ. ಆ ಪುಡಿ ಮಾತ್ರ ಬೇಡ. ಅದರಲ್ಲಿ ಏನಿದೆ ಅಂತ ಕೊಟ್ಟವರಿಗೇ ಗೊತ್ತಿರೋದಿಲ್ಲ.

ಕೊಬ್ಬರಿ_ತಮ್ಮ:

ತುಂಬಾ ಥ್ಯಾಂಕ್ಸ್. ಪಕ್ಕದ ಮನೆಯವರ ಮೆಷಿನ್‌ನಲ್ಲಿ ನೋಡಿದರೆ ನಡುಗುವಾಗ 61 ಇತ್ತು ಸಿಸ್ಟರ್. ಸಕ್ಕರೆ ನೀರು ಕುಡಿದು ಸರಿಹೋಯ್ತು. ಡಾಕ್ಟರಿಗೆ ಹೇಳಿದ ಮೇಲೆ ಬರೀ ಮೆಟ್‌ಫಾರ್ಮಿನ್ ಕೊಟ್ಟಿದ್ದಾರೆ, ಊಟದ ಜೊತೆ. ತೂಕ ಇಳಿದಿಲ್ಲ, ಅಕ್ಕ ದಪ್ಪಗೇ ಇದ್ದಾಳೆ. ಗಾಯ ಮುಕ್ಕಾಲು ಒಣಗಿದೆ. ತಾಲ್ಲೂಕು ಆಸ್ಪತ್ರೆಗೆ ಈ ವಾರ ನಾನೇ ಕರೆದುಕೊಂಡು ಹೋಗ್ತೀನಿ, ಅಲ್ಲಿ ಏನೇನು ಕೇಳಬೇಕು? ಮತ್ತೆ ಮೆಷಿನ್ ಯಾವುದು ತಗೊಳ್ಳಲಿ?

ಸಿಸ್ಟರ್_ಹಾಸನ:

61 ಅಂದರೆ ಇಳಿದಿದ್ದು ನಿಜ. ಬದಲಾಯಿಸಿದ್ದು ಒಳ್ಳೆಯದಾಯ್ತು. ಬರೀ ಮೆಟ್‌ಫಾರ್ಮಿನ್‌ನಿಂದ ಸಾಮಾನ್ಯವಾಗಿ ಶುಗರ್ ಹಾಗೆ ಇಳಿಯೋದಿಲ್ಲ. ಶುರುವಿನಲ್ಲಿ ಹೊಟ್ಟೆ ಕೆಡಬಹುದು, ಭೇದಿ ಆಗಬಹುದು, ಅದಕ್ಕೆ ಮಾತ್ರೆ ಬಿಡೋದು ಬೇಡ, ನಿಧಾನವಾಗಿ ಕರಗುವ ಬಗೆಯೂ ಇದೆ, ಡಾಕ್ಟರನ್ನು ಕೇಳಿ.

ಹೋದಾಗ ಕಣ್ಣಿನ ಪರೀಕ್ಷೆ ಕೇಳಿ. ಹನಿ ಹಾಕಿ ಕಣ್ಣಿನ ಹಿಂಭಾಗದ ನರಪಟಲ ನೋಡುವುದು, ಬರೀ ಕನ್ನಡಕದ ನಂಬರ್ ಅಲ್ಲ. ಟೈಪ್ 2 ಅನ್ನುವ ಈ ಬಗೆಯ ಶುಗರ್ ಗೊತ್ತಾಗುವ ಹೊತ್ತಿಗೆ ಎಷ್ಟೋ ವರ್ಷದಿಂದ ಒಳಗೇ ಇದ್ದಿರಬಹುದು, ಅದಕ್ಕೇ ಮೊದಲ ಸಲವೇ ನೋಡಿಸಬೇಕು, ಆಮೇಲೆ ವರ್ಷಕ್ಕೊಮ್ಮೆ. ಹನಿ ಹಾಕಿದ ಮೇಲೆ ಸ್ವಲ್ಪ ಹೊತ್ತು ಮಂಜಾಗಿರುತ್ತೆ, ಅವರು ಗಾಡಿ ಓಡಿಸುವುದು ಬೇಡ. ಕಿಡ್ನಿಗೆ ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಆಲ್ಬುಮಿನ್ ಎರಡೂ ಬೇಕು. ಕೊಲೆಸ್ಟ್ರಾಲ್, ಬಿಪಿ ಹೇಗೂ ನೋಡುತ್ತಾರೆ. ಪಾದಕ್ಕೆ ನೈಲಾನ್ ಎಳೆ ಒತ್ತಿ ಸ್ಪರ್ಶ ಇದೆಯಾ ಅಂತ ಪರೀಕ್ಷೆ ಮಾಡುತ್ತಾರೆ, ಅದನ್ನು ಕೇಳದೆ ಬರಬೇಡಿ. ಅಡುಗೆಮನೆಯಲ್ಲಿ ಬರಿಗಾಲಲ್ಲಿ ನಿಲ್ಲುವವರಿಗೆ ಬಿಸಿ ನೀರು ಬಿದ್ದದ್ದೂ ಗೊತ್ತಾಗದೆ ಬೊಬ್ಬೆ ಎದ್ದಿರುತ್ತೆ, ಇಂಥವರನ್ನು ನಾನು ಎಷ್ಟೋ ನೋಡಿದ್ದೀನಿ. ಅಡುಗೆಮನೆಗೇ ಅಂತ ಒಂದು ಜೊತೆ ಮೆತ್ತನೆ ಚಪ್ಪಲಿ ಇಟ್ಟುಕೊಳ್ಳಲಿ. ರಾತ್ರಿ ಪಾದದ ಅಡಿ, ಬೆರಳ ಸಂದಿ ನೋಡಿಕೊಳ್ಳಲಿ, ಕಾಣದಿದ್ದರೆ ಮಗಳು ನೋಡಲಿ.

ದಾವಣಗೆರೆಯವರೇ, ಸ್ಟಾಕ್ ತೊಂದರೆ ಇರೋದು ಸುಳ್ಳಲ್ಲ, ಕೆಲವು ಕಡೆ ಹುದ್ದೆಯೂ ಖಾಲಿ ಇದೆ. ಆದರೆ ಒಮ್ಮೆ ತಾಲ್ಲೂಕಿನಲ್ಲಿ ಹೆಸರು ಬರೆಸಿ ಚಿಕಿತ್ಸೆ ಶುರುವಾದ ಮೇಲೆ ಪ್ರತಿ ತಿಂಗಳು ಅಲ್ಲಿಗೇ ಹೋಗಬೇಕಿಲ್ಲ, ಮನೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಆಯುಷ್ಮಾನ್ ಆರೋಗ್ಯ ಮಂದಿರದಲ್ಲೋ ಮಾತ್ರೆ ಸಿಗುತ್ತದಾ ಕೇಳಿ. ನಗರಗಳಲ್ಲಿ "ನಮ್ಮ ಕ್ಲಿನಿಕ್" ಅನ್ನೋ ಹೆಸರಿನ ಸರ್ಕಾರಿ ಕ್ಲಿನಿಕ್‌ಗಳಿವೆ. ಗೃಹ ಆರೋಗ್ಯ ಅಂತ ರಾಜ್ಯ ಸರ್ಕಾರದ ಯೋಜನೆ, 2024ರ ಅಕ್ಟೋಬರಿನಲ್ಲಿ ಕೋಲಾರದಲ್ಲಿ ಶುರುವಾಗಿದ್ದು ಈಗ ಬೇರೆ ಜಿಲ್ಲೆಗಳಿಗೂ ಬಂದಿದೆ, 30 ದಾಟಿದವರ ಬಿಪಿ, ಶುಗರ್ ಮನೆಗೇ ಬಂದು ನೋಡುತ್ತಾರೆ. ನಿಮ್ಮ ಆಶಾ ಕಾರ್ಯಕರ್ತೆಗೆ ಹೇಳಿಡಿ.

ಇನ್ನೊಂದು, ಅಕ್ಕ ಅಳುತ್ತಾರೆ ಅಂದಿರಿ. 14416 ಟೆಲಿ ಮಾನಸ್, ಹಗಲು ರಾತ್ರಿ ಯಾವಾಗ ಬೇಕಾದರೂ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಮೂಲೆ_ಮೆಡಿಕಲ್ಸ್:

ಮೆಷಿನ್ ವಿಷಯ. ಮೆಷಿನ್ ಬೆಲೆ ನೋಡಬೇಡಿ, ರಕ್ತದ ಹನಿ ಹಾಕುವ ಸ್ಟ್ರಿಪ್ ಬೆಲೆ ನೋಡಿ. ಮೆಷಿನ್ ಒಂದೇ ಸಲ, ಸ್ಟ್ರಿಪ್ ಜೀವನಪೂರ್ತಿ. ಅದರ ಸ್ಟ್ರಿಪ್ ನಿಮ್ಮೂರಿನ ಅಂಗಡಿಯಲ್ಲಿ ಯಾವಾಗಲೂ ಸಿಗುತ್ತದಾ ಅಂತ ಮೊದಲು ವಿಚಾರಿಸಿ. ಡಬ್ಬಿ ಮುಚ್ಚಳ ತೆಗೆದಿಟ್ಟರೆ ಸ್ಟ್ರಿಪ್ ಹಾಳು. ಅಡುಗೆ ಕೈಯಲ್ಲಿ ಬೆಲ್ಲ, ಹಣ್ಣಿನ ಅಂಟು ಇದ್ದರೆ ಸುಳ್ಳು ಸುಳ್ಳೇ ಜಾಸ್ತಿ ತೋರಿಸುತ್ತೆ, ಸೋಪು ಹಾಕಿ ತೊಳೆದು ಒರೆಸಿ ಚುಚ್ಚಿಕೊಳ್ಳಲಿ, ಬೆರಳ ತುದಿಗೆ ಬೇಡ, ಪಕ್ಕಕ್ಕೆ. ಪಕ್ಕದ ಮನೆಯವರ ಸೂಜಿ ಮಾತ್ರ ಯಾವ ಕಾರಣಕ್ಕೂ ಹಂಚಿಕೊಳ್ಳಬಾರದು.

ಮಾತ್ರೆ ಹೊರಗೆ ಕೊಳ್ಳಲೇಬೇಕಾದರೆ ಜನೌಷಧಿ ಕೇಂದ್ರ. ನನ್ನ ವ್ಯಾಪಾರಕ್ಕೆ ನಾನೇ ಕಲ್ಲು ಹಾಕಿಕೊಂಡ ಹಾಗೆ, ಪರವಾಗಿಲ್ಲ. ಮೆಟ್‌ಫಾರ್ಮಿನ್ ಎಲ್ಲಿ ಕೊಂಡರೂ ಅಗ್ಗ. ಮುಂದೆ ಡಾಕ್ಟರ್ ಸಿಟಾಗ್ಲಿಪ್ಟಿನ್, ಡಾಪಾಗ್ಲಿಫ್ಲೋಜಿನ್ ಅಂತ ಏನಾದರೂ ಸೇರಿಸಿದರೆ ಅಲ್ಲಿ ವ್ಯತ್ಯಾಸ ಗೊತ್ತಾಗುತ್ತೆ. ಅವುಗಳ ಪೇಟೆಂಟ್ ಮುಗಿದಿದೆ, ಈಗ ಎಷ್ಟೋ ಕಂಪನಿಗಳು ಮಾಡುತ್ತವೆ, ಬೆಲೆ ಇಳಿದಿದೆ. ಚೀಟಿಯಲ್ಲಿ ಕಂಪನಿ ಇಟ್ಟ ಹೆಸರಲ್ಲ, ಔಷಧಿಯ ಮೂಲ ಹೆಸರು ಬರೆದುಕೊಡಿ ಅಂತ ಕೇಳಿದರೆ ಹುಡುಕೋದು ಸುಲಭ. ಆಯುಷ್ಮಾನ್ ಕಾರ್ಡ್ ತೋರಿಸಿದರೆ ಅಂಗಡಿಯಲ್ಲಿ ಮಾತ್ರೆ ಕೊಡ್ತಾರೆ ಅಂದುಕೊಂಡು ತುಂಬಾ ಜನ ಬರುತ್ತಾರೆ. ಆ ಕಾರ್ಡ್ ಆಸ್ಪತ್ರೆಗೆ ಸೇರಿದಾಗ ಉಪಯೋಗಕ್ಕೆ ಬರುತ್ತೆ, ತಿಂಗಳ ಮಾತ್ರೆಗಲ್ಲ.

ದಾವಣಗೆರೆ_ಬೆಣ್ಣೆ:

21 ದಿನದಲ್ಲಿ ಶುಗರ್ ಮಾಯ ಅಂತ ಫೇಸ್‌ಬುಕ್‌ನಲ್ಲಿ ಬರುತ್ತಲ್ಲ, ಅದನ್ನು ಯಾರಾದರೂ ಮಾಡಿದ್ದೀರಾ? ಪ್ಯಾಕೇಜ್ 18 ಸಾವಿರ ಅಂದರು.

ಹಳೇ_ಶುಗರ್_ಪಾರ್ಟಿ:

ಆ ದುಡ್ಡಲ್ಲಿ ಅಪ್ಪನಿಗೆ ವರ್ಷದ ಕಾಳು, ತರಕಾರಿ ತಂದು ಹಾಕಿ. ತೂಕ ಇಳಿಸಿದರೆ ಕೆಲವರಿಗೆ ಮಾತ್ರೆ ಇಲ್ಲದೆ ಶುಗರ್ ಸರಿಯಾಗಿ ನಿಲ್ಲುತ್ತೆ, ಅದು ನಿಜವೇ. ಬ್ರಿಟನ್‌ನಲ್ಲಿ ಡೈರೆಕ್ಟ್ ಅಂತ ಒಂದು ಅಧ್ಯಯನ ಆಯ್ತು, 2017ರಲ್ಲಿ ಬಂತು, ಡಯಟ್ ಕಾರ್ಯಕ್ರಮಕ್ಕೆ ಸೇರಿದವರಲ್ಲಿ ಸುಮಾರು ಅರ್ಧ ಜನಕ್ಕೆ ಒಂದು ವರ್ಷಕ್ಕೆ ಹಾಗಾಯ್ತು. ಆದರೆ ಅವರೆಲ್ಲ ಶುಗರ್ ಬಂದು 6 ವರ್ಷದ ಒಳಗಿನವರು, ದಪ್ಪಗಿದ್ದವರು, ಇನ್ಸುಲಿನ್ ಹಾಕಿಕೊಳ್ಳದವರು, ಜೊತೆಗೆ ನರ್ಸು, ಡಯಟೀಷಿಯನ್ ವರ್ಷಪೂರ್ತಿ ನೋಡಿಕೊಂಡರು. ತೂಕ ಮತ್ತೆ ಏರಿದರೆ ಶುಗರೂ ವಾಪಸ್. ತಮ್ಮನ ಅಕ್ಕನಿಗೆ ಹೊಸದಾಗಿ ಬಂದಿರೋದರಿಂದ ಈಗಲೇ ತೂಕ ಇಳಿಸೋಕೆ ಒಳ್ಳೆ ಹೊತ್ತು, ಡಾಕ್ಟರಿಗೆ ಹೇಳಿಯೇ ಶುರು ಮಾಡಲಿ.

ಕೊಬ್ಬರಿ_ತಮ್ಮ:

ಹೋಗಿ ಬಂದೆವು. ಕೌನ್ಸೆಲರ್ ಇದ್ದರು, ಅಕ್ಕನನ್ನು ಕೂರಿಸಿಕೊಂಡು ಮಾತಾಡಿದರು, ಮೆಸ್‌ನಲ್ಲಿ ಏನೇನು ಅಡುಗೆ ಅಂತ ಕೇಳಿ ಅದರಲ್ಲೇ ಬರೆದುಕೊಟ್ಟರು. ಕಣ್ಣಿನ ಡಾಕ್ಟರ್ ಅವತ್ತು ರಜೆ, ಮುಂದಿನ ವಾರ ಬನ್ನಿ ಅಂದರು. ಒಂದು ತಿಂಗಳ ಮಾತ್ರೆ ಕೊಟ್ಟಿದ್ದಾರೆ. ಎಚ್‌ಬಿಎ1ಸಿ ಮಾತ್ರ ಮುಂದಿನ ತಿಂಗಳೇ ಮತ್ತೆ ಮಾಡಿಸೋಣ ಅಂತ ಅಕ್ಕ ಹಟ ಹಿಡಿದಿದ್ದಾಳೆ. ಅದಕ್ಕೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕಾ?

ಸಿಸ್ಟರ್_ಹಾಸನ:

ಖಾಲಿ ಹೊಟ್ಟೆ ಬೇಡ, ಯಾವಾಗ ಬೇಕಾದರೂ ಕೊಡಬಹುದು. ಆದರೆ ಮುಂದಿನ ತಿಂಗಳು ಮಾಡಿಸಿ ದುಡ್ಡು ಕಳೆಯಬೇಡಿ. ಅದು ಎರಡು ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆ, ಹಳೇ ಲೆಕ್ಕವೂ ಅದರಲ್ಲಿ ಸೇರಿಕೊಂಡು ಅಕ್ಕನಿಗೆ ಸುಮ್ನೆ ಬೇಜಾರಾಗುತ್ತೆ. ಮೂರು ತಿಂಗಳು ಬಿಟ್ಟು ಮಾಡಿಸಿ. ಅಲ್ಲಿವರೆಗೆ ಮೆಷಿನ್‌ನಲ್ಲಿ ಬೆಳಗ್ಗೆ 80ರಿಂದ 130, ಊಟ ಶುರುಮಾಡಿ ಎರಡು ಗಂಟೆಗೆ 180ರ ಒಳಗೆ ಬರ್ತಿದೆಯಾ ನೋಡಿಕೊಳ್ಳಲಿ, ಡಾಕ್ಟರ್ ಬೇರೆ ಗುರಿ ಹೇಳಿದ್ದರೆ ಅದೇ ಸರಿ. ಬರೆದಿಟ್ಟ ಪುಸ್ತಕ ಕಣ್ಣಿನ ಡಾಕ್ಟರ ಹತ್ತಿರವೂ ತಗೊಂಡು ಹೋಗಿ.