ಸಹಾಯ ಬೇಕು: ಜ್ಞಾನಗಂಗಾ ಬಳಿಯ ಬಹುಭಾಷಾ ಸಂಜೆಗೆ

ನಮಸ್ಕಾರ. ಕಲಬುರಗಿಯಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣದ ಹತ್ತಿರ ನಾವು ಕೆಲವು ಗೆಳೆಯರು ಹಾಡು, ಕವಿತೆಗಳ ಕೂಟ ನಡೆಸಬೇಕೆಂದಿದ್ದೇವೆ. ತತ್ವಪದ ಹಾಡುವವರು ಸಿಕ್ಕಿದ್ದಾರೆ; ಈ ನೆಲದಲ್ಲಿ ಅವರಿಗೇನು ಬರವೇ? ದಖನಿ ಉರ್ದುವಿನಲ್ಲಿ ಕವಿತೆ ಓದುವವರು, ತಾಂಡಾದ ಲಂಬಾಣಿ ಹಾಡು ಬಲ್ಲ ಹಿರಿಯ ಹೆಣ್ಣುಮಕ್ಕಳು ಬೇಕಾಗಿದ್ದಾರೆ. ವೇಷ ತೊಟ್ಟು ಫೋಟೊಗೆ ನಿಂತರಷ್ಟೇ ಸಾಲದು, ಹಾಡಿನ ಅರ್ಥವನ್ನೂ ಹೇಳಬೇಕು. ಕಳೆದ ಬಾರಿ ನಮ್ಮ ವೈವಿಧ್ಯವೆಲ್ಲ ಊಟದ ಮಳಿಗೆಯಲ್ಲೇ ಮುಗಿಯಿತು. ಜನ ಜೋಳದ ರೊಟ್ಟಿ, ಶೇಂಗಾ ಹಿಂಡಿ ತಿಂದು ಎದ್ದು ಹೋದರು!

ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ಹೊರರಾಜ್ಯದ ವಿದ್ಯಾರ್ಥಿಗಳನ್ನೂ ಕರೆಯುವ ಆಸೆಯಿದೆ. ರಾತ್ರಿ ಅವರನ್ನು ಬಿಟ್ಟುಬರಲು ವಾಹನ ಕೊಡುವ ಪುಣ್ಯಾತ್ಮರು ಇದ್ದಾರೆಯೇ? ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವ ಮುಗಿದ ವಾರದಲ್ಲಿ ನಡೆಸುವ ಯೋಚನೆ. ಆ ದಿನಗಳಲ್ಲಿ ಬೇರೆ ಕಾರ್ಯಕ್ರಮಗಳಿದ್ದರೆ ದಯವಿಟ್ಟು ಈಗಲೇ ತಿಳಿಸಿ.